ಇಂಟರ್‌ವ್ಯೂ: ಕೇಳೋದು ಹೇಗೆ, ಹೇಳೋದು ಹೇಗೆ?

ಇಂಟರ್‌ವ್ಯೂ ಅಂದ್ರೆ ಬಾಯಿಗೆ ಬಂದದ್ದು ಕೇಳೋದಲ್ಲ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ. ಬಾಯಿಗೆ ಬಂದದ್ದು ಕೇಳೋ ಸಂದರ್ಶನಕ್ಕಿಂತ ಇಂಥ ಸಂದರ್ಶನವೇ ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡ್ತಾರೆ ಅನ್ನೋದನ್ನ ಹೆಚ್ಚು ಸರಿಯಾಗಿ ಸೂಚಿಸಿತ್ತು.

ಕೇಳುವವರೇ, "ನಿಮಗೆ ತಾಳ್ಮೆ ಇದೆಯಾ?" ಅಂದ್ರೆ ಯಾರು ಇಲ್ಲ ಅಂತಾರೆ? "ಸಿಟ್ಟಾದ ಗ್ರಾಹಕರನ್ನ ಹಿಂದೆ ಹೇಗೆ ನಿಭಾಯಿಸಿದಿರಿ?" ಅಂತ ಕೇಳಿ. ಆಮೇಲೆ ಸುಮ್ಮನಿರಿ, ಅವರು ಯೋಚಿಸಲಿ.

ಉತ್ತರಿಸುವವರೇ, ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಕೊನೆಗೆ ಆದದ್ದು. ಈ ಕ್ರಮದಲ್ಲಿ ಹೇಳಿ. ನಮ್ಮಲ್ಲಿ ಕೆಲವರು ಸಂಕೋಚದಿಂದ "ನಾವು ಮಾಡಿದ್ವಿ" ಅಂತಾನೇ ಹೇಳ್ತಾರೆ. ನೀವೇ ಮಾಡಿದ್ದನ್ನ "ನಾನು" ಅಂತ ಧೈರ್ಯವಾಗಿ ಹೇಳಿ.

ಫ್ರೆಶರ್ರಾ? ಕಾಲೇಜು ಪ್ರಾಜೆಕ್ಟು, ಮನೆಯ ಅಂಗಡಿ, ಊರ ಗಣೇಶೋತ್ಸವದ ಲೆಕ್ಕಪತ್ರ, ಎಲ್ಲವೂ ಅನುಭವವೇ.