ಅಮೃತಾ ಶೇರ್‌ಗಿಲ್ : ದಕ್ಷಿಣಯಾತ್ರೆಯೂ ಚಿತ್ರಕಲೆಯೂ

ಆಧುನಿಕ ಭಾರತೀಯ ಚಿತ್ರಕಲೆಯ ಪ್ರವರ್ತಕರಲ್ಲಿ ಅಮೃತಾ ಶೇರ್‌ಗಿಲ್ ಅವರದು ಅಗ್ರಗಣ್ಯವಾದ ಹೆಸರು. ಆಕೆಯ ಅಲ್ಪಾಯುಷ್ಯವೂ ಸ್ವಚ್ಛಂದ ಜೀವನವೂ ಜನರ ಕುತೂಹಲವನ್ನು ಎಷ್ಟು ಸೆಳೆದಿವೆಯೆಂದರೆ, ಆಕೆ ಬಿಡಿಸಿದ ಕಲಾಸಮಸ್ಯೆ ಯಾವುದೆಂಬ ವಿಚಾರವು ಹಿಂದೆ ಬಿದ್ದಿದೆ. ಯುರೋಪಿನ ತೈಲವರ್ಣ ವಿಧಾನದಿಂದ ಭಾರತದ ಜನಜೀವನವನ್ನು, ಅನುಕರಣದ ದೋಷ ತಟ್ಟದಂತೆ, ಚಿತ್ರಿಸುವುದು ಹೇಗೆ? ಆ ಸಮಸ್ಯೆ ಇದೇ. ಅದರ ಉತ್ತರಕ್ಕೆ ದಾರಿ ತೋರಿದುದು ಆಕೆಯ ದಕ್ಷಿಣಯಾತ್ರೆ.

ಅಮೃತಾ 1913ನೆಯ ಜನವರಿ 30ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ತಂದೆ ಉಮರಾವ್ ಸಿಂಗ್ ಸಂಸ್ಕೃತ, ಪಾರಸಿಗಳಲ್ಲಿ ವಿದ್ವಾಂಸರು. ತಾಯಿ ಹಂಗೇರಿಯ ಗಾಯಕಿ. 1921ರಲ್ಲಿ ಕುಟುಂಬವು ಸಿಮ್ಲಾಕ್ಕೆ ಬಂದಿತು. 1929ರಲ್ಲಿ ಪ್ಯಾರಿಸ್ಸಿಗೆ ತೆರಳಿದ ಆಕೆ, ಅಲ್ಲಿಯ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯಾನ್ ಸಿಮೋನ್ ಅವರಲ್ಲಿ ಶಿಕ್ಷಣ ಪಡೆದರು. 1932ರಲ್ಲಿ ರಚಿಸಿದ ‘ತರುಣಿಯರು’ ಎಂಬ ಚಿತ್ರವು ಮರುವರ್ಷವೇ ಗ್ರಾನ್ ಸಾಲೋನಿನ ಸಹಸದಸ್ಯತ್ವವನ್ನು ದೊರಕಿಸಿತು. ಇಷ್ಟಾದರೂ 1934ರ ಕೊನೆಗೆ ಆಕೆ ಭಾರತಕ್ಕೆ ಮರಳಿದರು. ಮರುವರ್ಷ ಸಿಮ್ಲಾದ ಕಲಾಸಂಘವು ಕೆಲವು ಚಿತ್ರಗಳನ್ನು ತಿರಸ್ಕರಿಸಿ ಒಂದಕ್ಕೆ ಬಹುಮಾನವಿತ್ತಾಗ, ಅಮೃತಾ ಆ ಬಹುಮಾನವನ್ನೇ ಹಿಂದಿರುಗಿಸಿದರು.

1936ರ ಕೊನೆಯಲ್ಲಿ ಆಕೆ ಮುಂಬಯಿಗೆ ಬಂದು, ಅಜಂತಾ, ಎಲ್ಲೋರಗಳನ್ನು ಕಂಡು, ಮುಂದೆ ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿಗಳನ್ನು ಸಂದರ್ಶಿಸಿದರು. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳು ಆಕೆಯನ್ನು ಬೆರಗುಗೊಳಿಸಿದವು. ಈ ಯಾತ್ರೆಯ ಫಲವಾಗಿ 1937ರಲ್ಲಿ ‘ಮದುವಣಗಿತ್ತಿಯ ಶೃಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣದ ಗ್ರಾಮಸ್ಥರು’ ಎಂಬ ಮೂರು ಚಿತ್ರಗಳು ರೂಪುಗೊಂಡವು.

ಇವನ್ನು ಪ್ಯಾರಿಸ್ಸಿನ ಚಿತ್ರಗಳೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುವುದು. ಮೊದಲಿನವುಗಳಲ್ಲಿ ದೇಹದ ಉಬ್ಬುತಗ್ಗುಗಳನ್ನು ನೆರಳು ಬೆಳಕುಗಳು ತೋರಿಸುತ್ತವೆ. ಇಲ್ಲಿಯಾದರೋ ಆಕೃತಿಗಳು ಸರಳವಾದ ಘನರೂಪ ತಳೆದು, ಬಣ್ಣದ ವಿಶಾಲ ಹರಹುಗಳಿಂದಲೇ ನಿಲ್ಲುತ್ತವೆ. ‘ಬ್ರಹ್ಮಚಾರಿಗಳು’ ಚಿತ್ರದ ಐವರು ವಟುಗಳಲ್ಲಿ ಕಂದು ಮೈಬಣ್ಣವೂ ಬಿಳಿಯ ವಸ್ತ್ರವೂ ಪರಸ್ಪರ ಎದುರಾಗಿ ಚಿತ್ರಕ್ಕೆ ಲಯವನ್ನು ಕೊಡುತ್ತವೆ. ಮದುವಣಗಿತ್ತಿಯ ಚಿತ್ರದಲ್ಲಿ ವಿವಾಹದ ಸಡಗರವಿಲ್ಲ, ಮೌನವಿದೆ. ಆಕೆ ಅಜಂತೆಯಿಂದ ಎರವಲು ತಂದುದು ವಸ್ತುವನ್ನಲ್ಲ, ಅನಗತ್ಯವನ್ನು ತ್ಯಜಿಸುವ ಸಂಯಮವನ್ನು. ಪುರಾಣಕಥೆಯ ಆಸರೆಯಿಲ್ಲದೆ ಸಾಮಾನ್ಯ ಜನರಿಗೆ ಗಾಂಭೀರ್ಯ ಪ್ರಾಪ್ತವಾದುದು ಇದರಿಂದಲೇ.

ಈ ಮಾರ್ಗವು ನಮ್ಮ ಕರಾವಳಿಗೂ ಹೊರತಾದುದಲ್ಲ. ಉಡುಪಿ ಸೀಮೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರ ಆರಂಭಕಾಲದ ಕೃತಿಗಳಲ್ಲಿ, ವಿಶೇಷವಾಗಿ ಕೇರಳದ ಜೀವನವನ್ನು ಕುರಿತವುಗಳಲ್ಲಿ, ಗೋಗ್ಯಾನ ಜೊತೆಗೆ ಅಮೃತಾ ಅವರ ಪ್ರಭಾವವನ್ನೂ ವಿಮರ್ಶಕರು ಗುರುತಿಸಿದ್ದಾರೆ. ಹೆಬ್ಬಾರರು ಅನಂತರ ರೇಖೆಯ ದಾರಿಯನ್ನು ಹಿಡಿದು ತಮ್ಮದೇ ಶೈಲಿಯನ್ನು ಸಾಧಿಸಿದರು. ಪ್ರಭಾವವು ಬಂಧನವಾಗದೆ ಪ್ರಸ್ಥಾನಬಿಂದುವಾದುದಕ್ಕೆ ಇದು ನಿದರ್ಶನ.

1941ರ ಡಿಸೆಂಬರ್ 5ರಂದು, 28ನೆಯ ವಯಸ್ಸಿನಲ್ಲಿ, ಅಮೃತಾ ಲಾಹೋರಿನಲ್ಲಿ ನಿಧನರಾದರು. ಆಕೆಯ ಕೃತಿಗಳನ್ನು ಭಾರತ ಸರಕಾರವು 1976ರಲ್ಲಿ ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಿತು. ಭಾರತದಲ್ಲಿರುವ ಅವುಗಳನ್ನು ಮಾರಾಟಕ್ಕಾಗಿ ದೇಶದ ಹೊರಗೆ ಒಯ್ಯಲು ಅವಕಾಶವಿಲ್ಲ. ಈ ಗೌರವ ಪಡೆದ ಒಂಬತ್ತು ಮಂದಿ ಕಲಾವಿದರಲ್ಲಿ ಸ್ತ್ರೀಯು ಆಕೆ ಒಬ್ಬರೇ. ಆದರೆ ಆಕೆಯನ್ನು ಸ್ತ್ರೀಯೆಂಬ ಕಾರಣಕ್ಕೆ ಮಾತ್ರ ಸ್ಮರಿಸಿದರೆ ನ್ಯಾಯವಾಗದು. ವಿದ್ಯಾರ್ಥಿಗಳು ಚರಿತ್ರೆಯನ್ನು ಓದುವ ಮೊದಲು ಚಿತ್ರಗಳನ್ನು ನೋಡುವುದು ಉಚಿತ.