ಸೋತ ಮೇಲೆ ಶುರುವಾಗುವ ಕೆಲಸ

ಜಾಗದ ತಕರಾರಿನಲ್ಲಿ ತೀರ್ಪು ನಮ್ಮ ವಿರುದ್ಧ ಬಂದರೆ ಮನೆಮಂದಿ ಜಗಲಿಯಲ್ಲಿ ಕೂತು ಮೊದಲು ಕೇಳುವ ಪ್ರಶ್ನೆ ಒಂದೇ: ಅಪೀಲು ಹೋಗುವುದೋ, ಬೇಡವೋ? ಖರ್ಚೆಷ್ಟು, ಇನ್ನೆಷ್ಟು ವರ್ಷ, ಗೆಲ್ಲುವ ಭರವಸೆ ಇದೆಯೇ? ಪ್ರಿಯ ಓದುಗರೇ, ಇದೇ ಪ್ರಶ್ನೆ ಒಂದು ಇಡೀ ನಗರದ ಮುಂದೆ ಬಂದು ನಿಂತರೆ ಏನಾಗುತ್ತದೆ? ನಗರದ ಪರವಾಗಿ ಮೇಲಿನ ಕೋರ್ಟಿಗೆ ಹೋಗುವವರು ಯಾರು?

ಅಮೆರಿಕದ ನ್ಯೂಯಾರ್ಕ್ ನಗರಾಡಳಿತಕ್ಕೆ ತನ್ನದೇ ಆದ ಕಾನೂನು ಇಲಾಖೆಯಿದೆ. ಅಲ್ಲಿ ನೂರಾರು ವಕೀಲರು ದುಡಿಯುತ್ತಾರೆ. ಇಲಾಖೆಯ ಮುಖ್ಯಸ್ಥರನ್ನು 'ಕಾರ್ಪೊರೇಷನ್ ಕೌನ್ಸೆಲ್' ಎನ್ನುತ್ತಾರೆ. ಅದರಲ್ಲಿ ಮೇಲ್ಮನವಿಗಳನ್ನೇ ನೋಡಿಕೊಳ್ಳುವ ಪ್ರತ್ಯೇಕ ವಿಭಾಗವೊಂದಿದೆ. ಕಾಲುದಾರಿಯಲ್ಲಿ ಎಡವಿ ಬಿದ್ದವರ ಪರಿಹಾರ, ತೆರಿಗೆಯ ತಕರಾರು, ನೌಕರರ ದೂರು, ಮನೆಯಲ್ಲೇ ಹಿಂಸೆಗೊಳಗಾದ ಮಕ್ಕಳ ರಕ್ಷಣೆ, ಹೀಗೆ ಎಲ್ಲ ಬಗೆಯ ಮೊಕದ್ದಮೆಗಳೂ ಇವರ ಮೇಜಿಗೆ ಬರುತ್ತವೆ.

ಸಾಕ್ಷಿಗಳಿಲ್ಲದ ವಾದ

ಸಿನಿಮಾದಲ್ಲಿ ನಾವು ಕಾಣುವ ವಕೀಲರಂತೆ ಇವರು ಸಾಕ್ಷಿಗಳನ್ನು ಪಾಟೀಸವಾಲಿಗೆ ಗುರಿಮಾಡುವುದಿಲ್ಲ. ಮೇಲಿನ ಕೋರ್ಟಿನಲ್ಲಿ ಹೊಸ ಸಾಕ್ಷಿಗಳಿಗೆ ಸಾಮಾನ್ಯವಾಗಿ ಎಡೆಯಿಲ್ಲ. ಕೆಳಗಿನ ಕೋರ್ಟಿನಲ್ಲಿ ನಡೆದದ್ದೆಲ್ಲ ದಾಖಲೆಯಾಗಿ ಬಂದಿರುತ್ತದೆ. ಅದನ್ನು ಪುಟಪುಟವಾಗಿ ಓದಿ, ನ್ಯಾಯಾಧೀಶರು ಕಾನೂನನ್ನು ಎಲ್ಲಿ ತಪ್ಪಾಗಿ ಅರ್ಥೈಸಿದರು ಎಂದು ಹುಡುಕಬೇಕು. ಕೆಳಗೆ ಹೇಳದೆ ಬಿಟ್ಟ ಮಾತನ್ನು ಮೇಲೆ ಹೊಸದಾಗಿ ಎತ್ತುವುದೂ ಕಷ್ಟ. ಬಳಿಕ ವಾದವನ್ನೆಲ್ಲ ಬರಹದಲ್ಲಿ ಸಲ್ಲಿಸಬೇಕು. ಬಾಯಿಮಾತಿನ ವಾದಕ್ಕೆ ಸಿಗುವ ಸಮಯ ಬಹಳ ಕಡಿಮೆ; ಅದರ ನಡುವೆಯೂ ನ್ಯಾಯಮೂರ್ತಿಗಳು ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸುತ್ತಾರೆ.

ಒಂದು ರೈಲು ನಿಲ್ದಾಣದ ಕಥೆ

ನ್ಯೂಯಾರ್ಕಿನ ಭವ್ಯವಾದ ಪೆನ್ಸಿಲ್ವೇನಿಯಾ ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರುಮಾಡಿದಾಗ ಜನ ಮರುಗಿದರು. ಅದರ ಬೆನ್ನಿಗೇ, 1965ರಲ್ಲಿ, ಐತಿಹಾಸಿಕ ಕಟ್ಟಡಗಳ ರಕ್ಷಣೆಗೆ ನಗರವು ಕಾನೂನು ತಂದಿತು. 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು 1967ರಲ್ಲಿ ಈ ರಕ್ಷಣೆಗೆ ಒಳಪಡಿಸಲಾಯಿತು. ಅದರ ಒಡೆತನ ಹೊಂದಿದ್ದ ಪೆನ್ ಸೆಂಟ್ರಲ್ ಕಂಪೆನಿ ನಿಲ್ದಾಣದ ನೆತ್ತಿಯ ಮೇಲೆ ಐವತ್ತಕ್ಕೂ ಹೆಚ್ಚು ಅಂತಸ್ತಿನ ಕಟ್ಟಡವೊಂದನ್ನು ಎಬ್ಬಿಸಲು ಹೊರಟಿತು. ನಗರ ಒಪ್ಪಲಿಲ್ಲ. ನಮ್ಮ ಆಸ್ತಿಯನ್ನು ಪರಿಹಾರ ಕೊಡದೆ ಕಸಿದುಕೊಂಡಂತಾಯಿತು ಎಂದು ಕಂಪೆನಿ ದಾವೆ ಹೂಡಿತು.

1975ರ ಜನವರಿಯಲ್ಲಿ ಕೆಳಗಿನ ಕೋರ್ಟಿನಲ್ಲಿ ನಗರ ಸೋತಿತು. ಅದೇ ವರ್ಷ ನಗರದ ಬೊಕ್ಕಸ ಬರಿದಾಗಿ ದಿವಾಳಿಯ ಅಂಚಿಗೆ ಬಂದಿತ್ತು. ಮೇಲ್ಮನವಿಯಲ್ಲೂ ಸೋತರೆ ಭಾರೀ ಪರಿಹಾರ ತೆರಬೇಕಾದೀತು ಎಂಬ ಭಯ ಬೇರೆ! ಸುಮ್ಮನಿದ್ದುಬಿಡುವುದೇ ಲೇಸೇ? ಆಗ ನಾಗರಿಕರು ಎದ್ದು ನಿಂತರು. ಅಧ್ಯಕ್ಷ ಜಾನ್ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರು, ಮೇಲ್ಮನವಿ ಸಲ್ಲಿಸಬೇಕೆಂದು ಕೋರಿ ಮೇಯರ್ ಏಬ್ರಹಾಂ ಬೀಮ್ ಅವರಿಗೆ ಪತ್ರ ಬರೆದರು. ನಗರ ಮೇಲ್ಮನವಿ ಸಲ್ಲಿಸಿತು.

ಅದೇ ವರ್ಷದ ಕೊನೆಗೆ ನಗರದ ಪರ ತೀರ್ಪು ಬಂತು. 1977ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಂಪೆನಿ ಅಲ್ಲಿಗೂ ನಿಲ್ಲದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1978ರ ಏಪ್ರಿಲ್‌ನಲ್ಲಿ ನಗರದ ಪರವಾಗಿ ಅದರದೇ ವಕೀಲ ಲೆನಾರ್ಡ್ ಕೋರ್ನರ್ ಅವರು ವಾದಿಸಿದರು. ನಿಲ್ದಾಣವನ್ನು ಕಂಪೆನಿ ಮೊದಲಿನಂತೆಯೇ ಬಳಸಬಹುದು, ಅದರಿಂದ ಆದಾಯ ಪಡೆಯಬಹುದು, ಮೇಲೆ ಕಟ್ಟುವ ಹಕ್ಕನ್ನು ಹತ್ತಿರದ ಜಾಗಗಳಿಗೆ ವರ್ಗಾಯಿಸಬಹುದು. ಹಾಗಿರುವಾಗ ಆಸ್ತಿ ಕಸಿದುಕೊಂಡಂತೆ ಹೇಗಾಯಿತು? ಜೂನ್ 26ರಂದು ಆರು ನ್ಯಾಯಮೂರ್ತಿಗಳು ನಗರದ ಪರ, ಮೂವರು ವಿರುದ್ಧ ತೀರ್ಪಿತ್ತರು. ನಿಲ್ದಾಣ ಉಳಿಯಿತು. ಅದರ ಜೊತೆಗೆ ಬೇರೆ ನಗರಗಳ ಇಂತಹ ಕಾನೂನುಗಳಿಗೂ ಬಲ ಬಂತು.

ಇದೇ ಕಾನೂನು ಮುಂದೆ ಒಂದು ಚರ್ಚಿಗೂ ಅನ್ವಯವಾಯಿತು. ನ್ಯೂಯಾರ್ಕಿನ ಸಂತ ಬಾರ್ತಲೋಮಿಯೊ ಎಪಿಸ್ಕೋಪಲ್ ದೇವಾಲಯದವರು ತಮ್ಮ ಸಮುದಾಯ ಭವನವನ್ನು ಕೆಡವಿ ಗಗನಚುಂಬಿ ಕಟ್ಟಡ ಕಟ್ಟಲು ಬಯಸಿದರು. ಅದರ ಆದಾಯ ಸೇವಾಕಾರ್ಯಗಳಿಗೆ ಬೇಕು, ತಡೆಯುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಅವರ ವಾದ. ಎಲ್ಲರಿಗೂ ಒಂದೇ ಎಂದಿರುವ ಕಾನೂನು ಚರ್ಚಿಗೂ ಅನ್ವಯ ಎಂದು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ನಮಗೆ ಕಹಿಯೆನಿಸಬಹುದು. ಆದರೂ ಯೋಚಿಸಬೇಕಾದ ಮಾತು.

ತಪ್ಪು ಅಪೀಲೂ ಉಂಟು

ಹಾಗೆಂದು ನಗರಾಡಳಿತ ಹೂಡುವ ಅಪೀಲುಗಳೆಲ್ಲ ಜನರ ಒಳಿತಿಗೇ ಎನ್ನುವಂತಿಲ್ಲ. ನಮ್ಮ ದೇಶದ್ದೇ ಒಂದು ಉದಾಹರಣೆ ನೋಡಿ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಒಂದು ಬಡಾವಣೆಯಲ್ಲಿ ತೆರೆದ ಚರಂಡಿ, ದುರ್ನಾತ, ಶೌಚಾಲಯಗಳ ಕೊರತೆಯಿಂದ ಜನ ರೋಸಿಹೋಗಿದ್ದರು. ಅವರ ದೂರಿನ ಮೇಲೆ ಮ್ಯಾಜಿಸ್ಟ್ರೇಟರು ಚರಂಡಿ ಸರಿಪಡಿಸುವಂತೆ ಪುರಸಭೆಗೆ ಆದೇಶಿಸಿದರು. ಪುರಸಭೆ ಚರಂಡಿ ಕಟ್ಟುವುದನ್ನು ಬಿಟ್ಟು, ಹಣವಿಲ್ಲವೆಂಬ ನೆಪ ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋಯಿತು! 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ಈ ನೆಪವನ್ನು ತಳ್ಳಿಹಾಕಿತು. ಜನರ ಆರೋಗ್ಯ ಕಾಪಾಡುವುದು ಪುರಸಭೆಯ ಮೊದಲ ಕರ್ತವ್ಯ, ಅದಕ್ಕೆ ಹಣದ ಕೊರತೆ ಅಡ್ಡಬರಬಾರದು ಎಂದಿತು. ಕಾಸರಗೋಡಿನವರಿಗೆ ಕೃಷ್ಣ ಅಯ್ಯರ್ ಅವರು ದೂರದವರೇನಲ್ಲ. ನ್ಯಾಯಮೂರ್ತಿಯಾಗುವ ಮೊದಲು ಅವರು ತಲಶ್ಶೇರಿಯಲ್ಲಿ ವಕೀಲರಾಗಿದ್ದರು.

ಎರಡೂ ಕಡೆ ಬೊಕ್ಕಸದಲ್ಲಿ ಹಣವಿರಲಿಲ್ಲ, ಎರಡೂ ಆಡಳಿತಗಳು ಮೇಲಿನ ಕೋರ್ಟಿಗೆ ಹೋದವು. ಒಂದು ಹೋದದ್ದು ಜನರ ಸೊತ್ತನ್ನು ಉಳಿಸಲು, ಇನ್ನೊಂದು ತನ್ನ ಕರ್ತವ್ಯದಿಂದ ನುಣುಚಿಕೊಳ್ಳಲು. ನಗರದ ವಕೀಲರ ಕಕ್ಷಿದಾರರು ನಿಜವಾಗಿ ಮೇಯರರೂ ಅಲ್ಲ, ಅಧಿಕಾರಿಗಳೂ ಅಲ್ಲ; ತೆರಿಗೆ ಕಟ್ಟುವ ಜನ. ಅಪೀಲು ಬರೆಯುವ ಮೊದಲು ಇದನ್ನು ನೆನೆಯುವ ವಕೀಲರೇ ನಗರಕ್ಕೆ ದೊಡ್ಡ ಆಸ್ತಿ.

ನಮ್ಮ ಪಂಚಾಯತು, ಪುರಸಭೆಗಳೂ ನಮ್ಮ ಹಣದಿಂದಲೇ ವಕೀಲರನ್ನಿಟ್ಟು ಮೊಕದ್ದಮೆ ನಡೆಸುತ್ತವೆ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡುಸಭೆಯಲ್ಲಿ ಒಮ್ಮೆ ಕೇಳಿ ನೋಡೋಣ: ಈ ಅಪೀಲು ಯಾರಿಗಾಗಿ?