ಜೋಡಿಯಿಲ್ಲದ ಬೂಟು, ಎಲ್ಲೆ ದಾಟಿದ ವ್ಯಾಜ್ಯ

ಅಂಗಡಿಯಿಂದ ತಂದ ಬಿಲ್ಲನ್ನು ಸಾವಧಾನವಾಗಿ ನೋಡಿದವರು ಅದರ ಅಡಿಯಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ಅಚ್ಚಾದ ಒಂದು ಸಾಲನ್ನು ಕಂಡಿರಬಹುದು: ಈ ವ್ಯವಹಾರದ ವ್ಯಾಜ್ಯಗಳೆಲ್ಲ ಮುಂಬಯಿ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟಿವೆ ಎಂದು. ಕೊಂಡವನು ಆದವಾನಿಯವನಿರಲಿ, ತಾಳವಾಡಿಯವನಿರಲಿ, ಕಾಸರಗೋಡಿನವನಿರಲಿ, ಆ ಸಾಲು ಮಾತ್ರ ಬದಲಾಗದು. ಹಣ ಕೊಡುವಾಗ ಅದನ್ನು ಓದುವವರು ವಿರಳ. ಮಾಲು ಕೆಟ್ಟ ಮೇಲೆ ಓದುವವರೇ ಹೆಚ್ಚು. ಗಡಿಯಲ್ಲಿ ಬಾಳುವ ನಮ್ಮ ವ್ಯವಹಾರದಲ್ಲಿ ಕಂಪೆನಿ ಒಂದು ರಾಜ್ಯದಲ್ಲಿ, ಗೋದಾಮು ಇನ್ನೊಂದರಲ್ಲಿ, ನಾವು ಮೂರನೆಯದರಲ್ಲಿ ಇರುವುದು ದಿನನಿತ್ಯದ ಮಾತು. ಹೀಗಿರುವಾಗ ದಾವೆ ಹೂಡಬೇಕಾದುದು ಎಲ್ಲಿ?

ಈ ಪ್ರಶ್ನೆಯನ್ನು ಅತ್ಯಂತ ದೀರ್ಘಕಾಲ ಜಿಜ್ಞಾಸೆಗೆ ಒಳಪಡಿಸಿದ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ಅಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಕಾನೂನು, ತನ್ನದೇ ನ್ಯಾಯಾಲಯಗಳ ಶ್ರೇಣಿ. 1878ರಲ್ಲಿ ‘ಪೆನಾಯರ್ ವಿರುದ್ಧ ನೆಫ್’ ಎಂಬ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಗೆರೆಯನ್ನೆಳೆಯಿತು. ರಾಜ್ಯದ ನ್ಯಾಯಾಲಯದ ಕೈ ಆ ರಾಜ್ಯದ ಎಲ್ಲೆಯವರೆಗೆ ಮಾತ್ರ ನೀಳಬಲ್ಲದು. ಪ್ರತಿವಾದಿ ಆ ಎಲ್ಲೆಯೊಳಗೆ ಸಿಕ್ಕಿ ಅವನ ಕೈಗೆ ಸಮನ್ಸು ಮುಟ್ಟಬೇಕು, ಇಲ್ಲವೇ ಅವನಾಗಿಯೇ ಬಂದು ಒಪ್ಪಿಕೊಳ್ಳಬೇಕು. ಮನುಷ್ಯನ ಮಟ್ಟಿಗೆ ಇದು ಸರಿಯೇ. ಆದರೆ ಕಂಪೆನಿಗೆ ದೇಹವೆಲ್ಲಿದೆ? ಅದರ ಗುಮಾಸ್ತನೊಬ್ಬನು ರೈಲಿನಲ್ಲಿ ಎಲ್ಲೆ ದಾಟಿದರೆ ಕಂಪೆನಿಯೂ ದಾಟಿದಂತಾಯಿತೆ? ಅರವತ್ತು ವರ್ಷಗಳಿಗೂ ಮಿಕ್ಕಿ ನ್ಯಾಯಾಧೀಶರು ಈ ತೊಡಕಿನಲ್ಲಿ ಸಿಲುಕಿದ್ದರು.

ಅದನ್ನು ಬಿಡಿಸಿದ್ದು ಬೂಟು ಮಾರುವ ಒಂದು ಕಂಪೆನಿಯ ಮೊಕದ್ದಮೆ. ಇಂಟರ್‌ನ್ಯಾಷನಲ್ ಷೂ ಕಂಪೆನಿ ನೋಂದಣಿಯಾದುದು ಡೆಲವೇರ್ ರಾಜ್ಯದಲ್ಲಿ. ಮುಖ್ಯ ಕಾರ್ಯಾಲಯ ಮಿಸೌರಿಯ ಸೇಂಟ್ ಲೂಯಿಸ್ ನಗರದಲ್ಲಿ. ಅಲ್ಲಿಂದ ಬಹುದೂರ, ಪಶ್ಚಿಮ ಕರಾವಳಿಯ ವಾಷಿಂಗ್‌ಟನ್ ರಾಜ್ಯದಲ್ಲಿ 1937ರಿಂದ 1940ರ ವರೆಗೆ ಹನ್ನೊಂದರಿಂದ ಹದಿಮೂರು ಮಂದಿ ಮಾರಾಟಗಾರರು ಅದಕ್ಕಾಗಿ ದುಡಿಯುತ್ತಿದ್ದರು. ವ್ಯವಸ್ಥೆಯನ್ನು ಎಷ್ಟು ಜಾಣತನದಿಂದ ಹೆಣೆದಿದ್ದರೆಂದರೆ, ಕಂಪೆನಿಗೆ ಆ ರಾಜ್ಯದಲ್ಲಿ ಕಚೇರಿಯಿಲ್ಲ, ದಾಸ್ತಾನಿಲ್ಲ, ಕರಾರಿಗೆ ರುಜು ಹಾಕುವ ಅಧಿಕಾರಿಯೂ ಇಲ್ಲ. ಮಾರಾಟಗಾರರ ಪೆಟ್ಟಿಗೆಯಲ್ಲಿ ಇದ್ದುದು ಮಾದರಿಗಳು ಮಾತ್ರ. ಅವೂ ಜೋಡಿಯಲ್ಲ, ಪ್ರತಿಯೊಂದು ಬಗೆಯಲ್ಲೂ ಒಂದೊಂದೇ ಬೂಟು! ಅದನ್ನು ತೊಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ತೋರಿಸಬಹುದು ಅಷ್ಟೆ. ಕೆಲವೊಮ್ಮೆ ಹೋಟೆಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಬೂಟುಗಳನ್ನು ಸಾಲಾಗಿಡುವರು. ಬಂದ ಬೇಡಿಕೆಗಳೆಲ್ಲ ಸೇಂಟ್ ಲೂಯಿಸಿಗೆ ಹೋಗುವುವು; ಒಪ್ಪುವುದೂ ತಳ್ಳುವುದೂ ಅಲ್ಲಿಂದಲೇ; ಮಾಲು ಬರುವುದೂ ಹೊರರಾಜ್ಯದಿಂದಲೇ. ಆದರೂ ಈ ಮಂದಿಗೆ ವರ್ಷಕ್ಕೆ ಸಂದ ಕಮಿಷನ್ನಿನ ಮೊತ್ತ 31,000 ಡಾಲರಿಗೂ ಮಿಗಿಲು.

ನಿರುದ್ಯೋಗಿಗಳ ನೆರವಿನ ನಿಧಿಗೆ ಈ ಕಮಿಷನ್ನಿನ ಲೆಕ್ಕದಲ್ಲಿ ವಂತಿಗೆ ಸಲ್ಲಿಸಿರೆಂದು ವಾಷಿಂಗ್‌ಟನ್ ರಾಜ್ಯವು ಕೇಳಿತು. ನೋಟೀಸಿನ ಒಂದು ಪ್ರತಿಯನ್ನು ಅಲ್ಲಿದ್ದ ಮಾರಾಟಗಾರನ ಕೈಗಿತ್ತು, ಇನ್ನೊಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಸೇಂಟ್ ಲೂಯಿಸಿಗೆ ಕಳಿಸಿತು. ತಾನು ಆ ರಾಜ್ಯದಲ್ಲಿ ಇಲ್ಲವೇ ಇಲ್ಲ ಎಂಬುದು ಕಂಪೆನಿಯ ವಾದ. 1945ರ ಡಿಸೆಂಬರ್ 3ರಂದು ಮುಖ್ಯ ನ್ಯಾಯಾಧೀಶ ಹಾರ್ಲನ್ ಸ್ಟೋನ್ ಅವರು ಬರೆದ ತೀರ್ಪು ಈ ‘ಇರುವ–ಇಲ್ಲದ’ ತರ್ಕವನ್ನೇ ಬದಿಗಿರಿಸಿತು. ಕಂಪೆನಿಗೆ ಆ ರಾಜ್ಯದೊಡನೆ ಕನಿಷ್ಠ ಸಂಬಂಧವಾದರೂ ಇದೆಯೇ, ಅಲ್ಲಿ ಉತ್ತರ ಕೊಡೆಂದು ಕರೆಯುವುದು ನ್ಯಾಯವೆನಿಸುತ್ತದೆಯೇ ಎಂದು ನೋಡಿದರೆ ಸಾಕೆಂದಿತು. ವರ್ಷಗಟ್ಟಲೆ ಎಡೆಬಿಡದೆ ವ್ಯಾಪಾರ ಮಾಡಿ, ಆ ರಾಜ್ಯದ ಕಾನೂನಿನ ಆಸರೆಯನ್ನು ಅನುಭವಿಸಿ, ಅದೇ ವ್ಯಾಪಾರದಿಂದ ಹುಟ್ಟಿದ ಹೊಣೆ ಬಂದಾಗ ಎಲ್ಲೆಯ ಆಚೆ ನಿಲ್ಲುವುದು ಸಲ್ಲದು. ಒಂಟಿ ಬೂಟಿನ ಯುಕ್ತಿ ಅಲ್ಲಿಗೆ ಮುಗಿಯಿತು.

ಸಂಬಂಧವೆಂದರೆ ಎಷ್ಟು? ಇದನ್ನು ಅಳೆಯುವ ಕೋಲು ಸುಲಭವಾಗಿ ಸಿಗಲಿಲ್ಲ. ಒಂದು ಕುಟುಂಬವು 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಮಸೀನಾ ಪಟ್ಟಣದಲ್ಲಿ ಆಡಿ ಕಾರೊಂದನ್ನು ಕೊಂಡಿತು. ಮರುವರ್ಷ ಅರಿಜೋನಾದಲ್ಲಿ ನೆಲೆಸಲೆಂದು ಹೊರಟಾಗ, ನಡುವೆ ಓಕ್ಲಹೋಮಾದಲ್ಲಿ ಹಿಂದಿನಿಂದ ಬಂದ ವಾಹನ ಢಿಕ್ಕಿ ಹೊಡೆದು ಕಾರಿಗೆ ಬೆಂಕಿ ಹತ್ತಿತು. ತಾಯಿಯೂ ಇಬ್ಬರು ಮಕ್ಕಳೂ ತೀವ್ರವಾಗಿ ಸುಟ್ಟುಹೋದರು. ಅವರು ಓಕ್ಲಹೋಮಾದಲ್ಲೇ ದಾವೆ ಹೂಡಿದರು. 1980ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನಂತೆ, ಮಾರಿದ ಅಂಗಡಿಯನ್ನೂ ಆ ಪ್ರಾಂತದ ವಿತರಕನನ್ನೂ ಓಕ್ಲಹೋಮಾಕ್ಕೆ ಎಳೆತರುವಂತಿಲ್ಲ. ಅವರು ಅಲ್ಲಿ ಏನನ್ನೂ ಮಾರಿರಲಿಲ್ಲ. ಕಾರು ಓಡಾಡುವ ವಸ್ತು, ಎಲ್ಲಿಗಾದರೂ ಹೋದೀತು ಎಂಬ ಊಹೆ ಮಾತ್ರ ಸಾಲದು. ಸಣ್ಣ ಊರಿನ ಅಂಗಡಿಕಾರನ ಕಡೆಯಿಂದ ನೋಡಿದರೆ ಇದು ನ್ಯಾಯ. ಸುಟ್ಟ ಗಾಯಗಳೊಡನೆ ಪರವೂರಿನಲ್ಲಿದ್ದವರ ಕಡೆಯಿಂದ ನೋಡಿದರೆ ಹಾಗೆ ಹೇಳಲು ನನಗೆ ನಾಲಗೆ ಏಳದು.

ದೊಡ್ಡ ತಯಾರಕರ ಮಾತೇ ಬೇರೆ. ಮೊಂಟಾನಾ, ಮಿನೆಸೋಟಾ ರಾಜ್ಯಗಳಲ್ಲಾದ ಎರಡು ಅಪಘಾತಗಳ ದಾವೆಗಳಲ್ಲಿ ಫೋರ್ಡ್ ಕಂಪೆನಿ ಒಂದು ವಾದ ಹೂಡಿತು: ಈ ವಾಹನಗಳನ್ನು ನಾವು ಮೊದಲು ಮಾರಿದ್ದು ಈ ರಾಜ್ಯಗಳಲ್ಲಲ್ಲ, ಕೈ ಬದಲಾಗಿ ಇಲ್ಲಿಗೆ ಬಂದವು ಎಂದು. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅದೇ ಮಾದರಿಯ ವಾಹನಗಳನ್ನು ಆ ರಾಜ್ಯಗಳಲ್ಲಿ ಜಾಹೀರಾತು ಮಾಡಿ, ಮಾರಿ, ರಿಪೇರಿಯನ್ನೂ ಮಾಡಿಕೊಡುವ ಕಂಪೆನಿ ಅಲ್ಲಿ ಉತ್ತರಿಸಲೇಬೇಕು.

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ರಾಜ್ಯದ ಗಡಿಯೇ ಗೋಡೆಯಲ್ಲ. ಸಂವಿಧಾನದ 261ನೆಯ ಅನುಚ್ಛೇದದಂತೆ ಸಿವಿಲ್ ನ್ಯಾಯಾಲಯದ ಅಂತಿಮ ತೀರ್ಪನ್ನು ದೇಶದ ಯಾವ ಮೂಲೆಯಲ್ಲಾದರೂ ಕಾನೂನಿನ ರೀತ್ಯಾ ಅಮಲ್ಜಾರಿ ಮಾಡಿಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮು ಪ್ರತಿವಾದಿ ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳವನ್ನಷ್ಟೇ ಅಲ್ಲ, ವ್ಯಾಜ್ಯದ ಕಾರಣ ಪೂರ್ತಿಯಾಗಿ ಇಲ್ಲವೇ ಭಾಗಶಃ ಹುಟ್ಟಿದ ಸ್ಥಳವನ್ನೂ ಹೇಳುತ್ತದೆ.

ಹಾಗಾದರೆ ಬಿಲ್ಲಿನ ಆ ಸಾಲಿಗೆ ಬೆಲೆಯೆಷ್ಟು? ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರಿಯೊಬ್ಬರು ಪಟೇಲ್ ರೋಡ್‌ವೇಸ್ ಎಂಬ ಸಾಗಣೆ ಕಂಪೆನಿಯ ಶಾಖೆಗೆ ದಿಲ್ಲಿಗೆಂದು ಏಲಕ್ಕಿ ಒಪ್ಪಿಸಿದರು. ದಿಲ್ಲಿಯ ಗೋದಾಮಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಪೆರಿಯಕುಳಂ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ ಕಂಪೆನಿಯು, ಕರಾರಿನಂತೆ ಮುಂಬಯಿಗೇ ಬನ್ನಿ ಎಂದಿತು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಶಾಖೆಯಿರುವ ಸ್ಥಳದಲ್ಲೇ ವ್ಯಾಜ್ಯಕಾರಣ ಹುಟ್ಟಿದಾಗ ಕಂಪೆನಿ ವ್ಯಾಪಾರ ನಡೆಸುವುದು ಆ ಶಾಖೆಯಲ್ಲೆಂದೇ ಭಾವಿಸಬೇಕೆಂದು ಹೇಳಿತು. ಮುಂಬಯಿಗೆ ಆ ಪ್ರಕರಣದಲ್ಲಿ ಅಧಿಕಾರವೇ ಇರಲಿಲ್ಲವಾದ್ದರಿಂದ, ಕರಾರಿನ ಮೂಲಕ ಅದನ್ನು ಸೃಷ್ಟಿಸಲು ಬಾರದು.

ಮನೆಬಳಕೆಗೆ ಕೊಳ್ಳುವವರಿಗೆ ಈಚೆಗೆ ಇನ್ನೂ ಸುಲಭದ ದಾರಿ ದೊರೆತಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೂರು ಕಂಪೆನಿಯ ಬೆನ್ನು ಹತ್ತಿ ಹೋಗಬೇಕಿತ್ತು, ಇಲ್ಲವೇ ವ್ಯಾಜ್ಯಕಾರಣ ಹುಟ್ಟಿದೆಡೆ ಸಲ್ಲಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯಿದೆಯ 34ನೆಯ ಕಲಮಿನಂತೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವೂ ಇಲ್ಲ.

ಮರುಮಾರಾಟಕ್ಕಾಗಿ ಕೊಳ್ಳುವ ವ್ಯಾಪಾರಿಗೆ ಈ ಸೌಲಭ್ಯವಿಲ್ಲ. ಅವನಿಗೆ 20ನೆಯ ಕಲಮೇ ಗತಿ. ಕರಾರಿನಲ್ಲಿ ಹೆಸರಿಸಿದ ಊರಿಗೆ ಕಾನೂನಿನಂತೆ ಅಧಿಕಾರವಿದ್ದರೆ, ‘ಮಾತ್ರ’ ಎಂಬ ಪದವಿಲ್ಲದಿದ್ದರೂ ಅಲ್ಲಿಗೇ ಹೋಗಬೇಕೆಂದು 2013ರಲ್ಲಿ ಜಯಪುರದ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ತೀರ್ಪಾಗಿದೆ. ಅವರು ವ್ಯಾಜ್ಯಕ್ಕಾಗಿ ಕೋಲ್ಕತ್ತದ ಹಾದಿ ಹಿಡಿಯಬೇಕಾಯಿತು.